ವಸಂತನರಸಾಪುರದಲ್ಲಿ ಕೆಲಸ, ಮನೆ ಎಲ್ಲಿ?

ಹೊಸ ಕೆಲಸ ಸಿಕ್ಕಿದ ಸುದ್ದಿಯನ್ನು ಕಡೂರಿನಲ್ಲಿದ್ದ ಅಮ್ಮನಿಗೆ ಫೋನಿನಲ್ಲಿ ತಿಳಿಸಿದಾಗ ಅವರು ಸಂಬಳ ಎಷ್ಟೆಂದು ವಿಚಾರಿಸಲಿಲ್ಲ, “ಮನೆ ಎಲ್ಲಿ ಮಾಡ್ತೀಯಪ್ಪ?” ಎಂದಷ್ಟೇ ಕೇಳಿದರು. ಅದು 2023ರ ಫೆಬ್ರುವರಿಯ ಮಾತು. ತುಮಕೂರಿನಾಚೆ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ನನಗೆ ಕೆಲಸ ಖಚಿತವಾಗಿತ್ತು, ಮೇ ತಿಂಗಳಲ್ಲಿ ಹಾಜರಾಗಬೇಕಾಗಿತ್ತು. “ತುಮಕೂರಲ್ಲೇ ಅಮ್ಮ, ಇನ್ನೆಲ್ಲಿ” ಎಂದು ಉತ್ತರಿಸಿ ಫೋನ್ ಇಟ್ಟೆ. ಆ ಉತ್ತರ ಎಷ್ಟು ಅವಸರದ್ದೆಂಬುದು ಅರ್ಥವಾಗುವಷ್ಟರಲ್ಲಿ ಒಂದು ವರ್ಷ ಕಳೆದಿತ್ತು, ಎರಡು ಬಾಡಿಗೆ ಮನೆಗಳಾಗಿದ್ದವು, ಮನೆಯ ಸಾಮಾನು ಎರಡು ಸಲ ಲಾರಿ ಹತ್ತಿ ಇಳಿದಿತ್ತು.

ಈಗ ನಮ್ಮ ವಿಭಾಗಕ್ಕೆ ಹೊಸಬರು ಸೇರಿದಾಗಲೆಲ್ಲ ಮೊದಲ ವಾರದೊಳಗೆ ನನ್ನ ಮೇಜಿನ ಬಳಿಗೆ ಬಂದು ಮನೆಯ ವಿಷಯ ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟಿದ್ದೇನೆ, ಮತ್ತು ಆ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ ಎಂದು ಅವರು ತಮ್ಮೊಳಗೆ ಮಾತಾಡಿಕೊಳ್ಳುವುದೂ ನನ್ನ ಕಿವಿಗೆ ಬಿದ್ದಿದೆ. ಹೊಂದದಿರುವುದಕ್ಕೆ ಕಾರಣವೇನೆಂಬುದನ್ನು ಒಮ್ಮೆ ಬಿಡಿಸಿ ಬರೆದಿಟ್ಟರೆ ಒಳ್ಳೆಯದೆನಿಸಿತು.

ಮೊದಲಿಗೆ ದಿಕ್ಕಿನ ಮಾತು. “ತುಮಕೂರಿನಲ್ಲಿ ಕೆಲಸ” ಎಂದು ಯಾರಾದರೂ ಹೇಳಿದರೆ ಅದರಿಂದ ಏನೂ ತಿಳಿಯುವುದಿಲ್ಲ, ಏಕೆಂದರೆ ಈ ಊರಿನ ಉದ್ಯೋಗಗಳು ನಾಲ್ಕು ಕಡೆಗೆ ಚದುರಿವೆ. ಹಿರೇಹಳ್ಳಿಯ ಕೈಗಾರಿಕಾ ಪ್ರದೇಶ ಬೆಂಗಳೂರಿನ ಕಡೆಗಿದೆ. ಅಂತರಸನಹಳ್ಳಿಯದು ಊರಿಗೆ ಅಂಟಿಕೊಂಡೇ ಇದೆ. 2023ರ ಫೆಬ್ರುವರಿ 6ರಂದು ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇರುವುದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ. ನಾನು ಕೆಲಸ ಮಾಡುವ ವಸಂತನರಸಾಪುರ, 2014ರಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾದ ಮೇಲೆ ಹೊರಗಿನವರ ಕಿವಿಗೂ ಬಿದ್ದ ಆ ಹೆಸರು, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಶಿರಾ ಕಡೆಗೆ ಸುಮಾರು 20 ಕಿ.ಮೀ. ಹೋದರೆ ಸಿಗುತ್ತದೆ. ಹಿರೇಹಳ್ಳಿಯಲ್ಲಿ ದುಡಿಯುವವರಿಗೆ ಕ್ಯಾತ್ಸಂದ್ರ ಹೇಳಿ ಮಾಡಿಸಿದಂತಿದ್ದರೆ, ನನ್ನಂಥವರಿಗೆ ಅದು ಊರಿನ ಇನ್ನೊಂದು ತುದಿ. ಆದ್ದರಿಂದ ತುಮಕೂರಿನಲ್ಲಿ ಯಾವ ಬಡಾವಣೆ ಚೆನ್ನಾಗಿದೆ ಎಂಬ ಪ್ರಶ್ನೆಗೆ ನೆಂಟರು, ಸ್ನೇಹಿತರು ಕೊಡುವ ಉತ್ತರ ಪ್ರಾಮಾಣಿಕವಾಗಿದ್ದರೂ ಬಹುಪಾಲು ಅವರವರ ದಿಕ್ಕಿಗೆ ಸಲ್ಲುವ ಉತ್ತರವಾಗಿರುತ್ತದೆ.

ನಾವು ಆಗ ಬೆಂಗಳೂರಿನ ದಾಸರಹಳ್ಳಿಯಲ್ಲಿದ್ದೆವು. ಬಾಡಿಗೆ 17,000 ರೂಪಾಯಿ. ನನ್ನ ಪತ್ನಿ ರಾಜಾಜಿನಗರದ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ, ಅದನ್ನು ಬಿಡುವ ಇರಾದೆ ಆಕೆಗೆ ಇರಲಿಲ್ಲ, ಬಿಡು ಎಂದು ಹೇಳುವ ಹಕ್ಕು ನನಗೂ ಇರಲಿಲ್ಲ. ಮಗಳು ಆರನೆಯ ತರಗತಿಗೆ ಹೋಗುವವಳಿದ್ದಳು. ಮನೆಯನ್ನು ಅಲ್ಲೇ ಉಳಿಸಿಕೊಂಡು ನಾನೊಬ್ಬನೇ ಓಡಾಡುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ, ನಮಗೂ ಹಾಗೆಯೇ ಹೊಳೆಯಿತು. ಮೇ ತಿಂಗಳ ಮೂರು ವಾರ ಅದನ್ನು ಮಾಡಿಯೂ ನೋಡಿದೆ. ಹೋಗಿಬರುವ ದಾರಿ ದಿನಕ್ಕೆ 160 ಕಿ.ಮೀ. ದಾಟುತ್ತಿತ್ತು. ಕಂಪನಿಯ ಬಸ್ಸು ತುಮಕೂರು ನಗರದೊಳಗೆ ಮಾತ್ರ ಸುತ್ತಿ ಹೊರಡುವುದರಿಂದ, ಬೆಳಗಿನ ಜಾವ ಐದೂಕಾಲಿಗೆ ಮನೆ ಬಿಟ್ಟು ಸರ್ಕಾರಿ ಬಸ್ಸಿನಲ್ಲಿ ತುಮಕೂರು ಸೇರಿ ಅಲ್ಲಿ ಅದನ್ನು ಹಿಡಿಯಬೇಕಿತ್ತು. ರಾತ್ರಿ ಮನೆ ಮುಟ್ಟುವ ಹೊತ್ತಿಗೆ ಎಂಟೂವರೆ. ದೇಹಕ್ಕೆ ಆದ ದಣಿವು ಒಂದು ಕಡೆಯಿರಲಿ, ಮೂರನೆಯ ವಾರದಲ್ಲಿ ಅಳತೆಯ ಪಟ್ಟಿಯೊಂದರಲ್ಲಿ ದಶಮಾಂಶದ ಚುಕ್ಕಿಯನ್ನು ತಪ್ಪು ಜಾಗದಲ್ಲಿಟ್ಟು ಸಹಿ ಮಾಡಿದ್ದೆ. ಜೊತೆಯವರು ನೋಡಿ ತಿದ್ದಿದರು. ಗುಣಮಟ್ಟ ವಿಭಾಗದವನು ಮಾಡಬಾರದ ತಪ್ಪು ಅದು.

ನಡುವೆ ನೆಲಮಂಗಲದಲ್ಲಿ ಮನೆ ಮಾಡಿದರೆ ಇಬ್ಬರಿಗೂ ಅರ್ಧರ್ಧ ಆಗುತ್ತದೆ ಎಂದು ನನ್ನ ಭಾವಮೈದುನ ಸಲಹೆ ಕೊಟ್ಟ. ನಕ್ಷೆಯ ಮೇಲೆ ಆ ಸಲಹೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ 2021ರ ಡಿಸೆಂಬರಿನಲ್ಲಿ ಪೀಣ್ಯದ ಮೇಲ್ಸೇತುವೆಯನ್ನು ಮುಚ್ಚಿದ್ದರು. ಮುಂದೆ ಸಣ್ಣ ವಾಹನಗಳನ್ನು ಬಿಟ್ಟರೂ ಬಸ್ಸು, ಲಾರಿಗಳಿಗೆ 2024ರ ಜುಲೈವರೆಗೆ ಅವಕಾಶ ಸಿಗಲಿಲ್ಲ. ಅಂದರೆ ನಾವು ಮನೆ ಹುಡುಕುತ್ತಿದ್ದಾಗ ನೆಲಮಂಗಲದ ಕಡೆಯಿಂದ ಬರುವ ಬಸ್ಸುಗಳೆಲ್ಲ ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯಗಳ ಕೆಳಗಿನ ರಸ್ತೆಯಲ್ಲಿ ತೆವಳುತ್ತಿದ್ದವು. ಒಂದೇ ಒಂದು ಸೇತುವೆಯ ಆರೋಗ್ಯವನ್ನು ನಂಬಿಕೊಂಡು ದಿನದ ಎರಡು ಗಂಟೆಯನ್ನು ಒಪ್ಪಿಸುವುದು ನನ್ನ ಪತ್ನಿಗೆ ಸರಿಯೆನಿಸಲಿಲ್ಲ. ಅರ್ಧರ್ಧ ಎಂಬ ಹಂಚಿಕೆಯಲ್ಲಿ ಇನ್ನೊಂದು ಮೋಸವೂ ಇದೆ: ಅಲ್ಲಿ ಮಗಳಿಗೆ ಅಪ್ಪನೂ ದೂರ, ಅಮ್ಮನೂ ದೂರ.

ಕಾರ್ಖಾನೆಗೆ ತೀರ ಹತ್ತಿರದ ಊರುಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ದಾರಿಯಲ್ಲೇ ಸಿಗುವ ಕೋರದಲ್ಲಿ ಹುಡುಗರು ನಾಲ್ಕೈದು ಮಂದಿ ಸೇರಿ ಕೊಠಡಿ ಮಾಡಿಕೊಂಡಿದ್ದಾರೆ. ಶಿಫ್ಟಿನಲ್ಲಿ ದುಡಿಯುವ, ಇನ್ನೂ ಮದುವೆಯಾಗದ ತಂತ್ರಜ್ಞನಿಗೆ ಅದಕ್ಕಿಂತ ಅಗ್ಗದ, ಅನುಕೂಲದ ಏರ್ಪಾಡು ಬೇರೆಯಿಲ್ಲ. ಶಿರಾ ಕಡೆಯವರು ಶಿರಾದಲ್ಲೇ ಇದ್ದು ಓಡಾಡುತ್ತಾರೆ. ಸ್ವಂತ ಮನೆ, ಜಮೀನು ಅಲ್ಲಿರುವಾಗ ಅವರಿಗೆ ಬೇರೆ ಯೋಚನೆಯೇ ಬೇಕಿಲ್ಲ. ನಮಗೆ ಈ ಎರಡೂ ಒದಗುವಂತಿರಲಿಲ್ಲ.

ಹೀಗೆ ತುಮಕೂರು ಎಂದಾಯಿತು. ಅಲ್ಲಿ ನಾನು ಮಾಡಿದ ಮೊದಲ ಆಯ್ಕೆಯ ತಪ್ಪನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೊಸಬರಲ್ಲಿ ಹೆಚ್ಚಿನವರು ಅದೇ ತಪ್ಪಿನ ಕಡೆಗೆ ವಾಲುತ್ತಿರುವುದನ್ನು ನೋಡುತ್ತಿದ್ದೇನೆ. ಮೂರು ವಾರ ಬಸ್ಸಿನಲ್ಲಿ ಬೆಂದಿದ್ದ ನನಗೆ ಕಾರ್ಖಾನೆಗೆ ಹತ್ತಿರವಾದದ್ದೆಲ್ಲ ಸ್ವರ್ಗವಾಗಿ ಕಂಡಿತು. ಒಂದು ಭಾನುವಾರ ಮಧ್ಯಾಹ್ನ, ಶಿರಾ ಗೇಟಿನಿಂದ ಮುಂದೆ ಹೆದ್ದಾರಿಗೆ ಸಮೀಪವಿರುವ ಹೊಸ ಬಡಾವಣೆಯೊಂದರಲ್ಲಿ ಮೊದಲ ಮಹಡಿಯ ಮನೆಯನ್ನು ನೋಡಿದೆ. ಎರಡು ಮಲಗುವ ಕೋಣೆ, ಪೂರ್ವದ ಬಾಗಿಲು, ಧಾರಾಳ ಗಾಳಿ ಬೆಳಕು, ಬಾಡಿಗೆ 9,500. ದಾಸರಹಳ್ಳಿಯ ಬಾಡಿಗೆಯನ್ನು ನೆನೆದು ಅಂದೇ ಐದು ಸಾವಿರ ಮುಂಗಡ ಕೊಟ್ಟು ಬಂದೆ. ಕಂಪನಿಯ ಬಸ್ಸು ಊರಿನಿಂದ ಹೊರಬೀಳುವ ಮುನ್ನ ನಿಲ್ಲುವ ಕಡೆಯ ಜಾಗ ಅಲ್ಲಿಂದ ಐದು ನಿಮಿಷದ ನಡಿಗೆ. ಎಲ್ಲರಿಗಿಂತ ತಡವಾಗಿ ಹತ್ತಿ ಎಲ್ಲರಿಗಿಂತ ಮೊದಲು ಇಳಿಯುವ ಭಾಗ್ಯ ನನ್ನದಾಯಿತು.

ಆ ಭಾಗ್ಯದ ಬೆಲೆಯನ್ನು ತೆತ್ತವರು ಉಳಿದ ಮೂವರು. ನನ್ನ ಪತ್ನಿ ಎಂಟು ಗಂಟೆಯೊಳಗೆ ರೈಲು ಹಿಡಿಯಬೇಕು. ರೈಲು ನಿಲ್ದಾಣ ಊರಿನ ಇನ್ನೊಂದು ಬದಿಗೆ. ಬೆಳಗ್ಗೆ ಹೇಗೋ ನಾನೇ ಸ್ಕೂಟರಿನಲ್ಲಿ ಬಿಟ್ಟು ಬರುತ್ತಿದ್ದೆ, ಸಂಜೆಯದೇ ಕಷ್ಟ. ಬೆಂಗಳೂರಿನಿಂದ ಹೊರಟ ರೈಲು ಚಿಕ್ಕಬಾಣಾವರದಲ್ಲೋ ದೊಡ್ಡಬೆಲೆಯಲ್ಲೋ ಇನ್ನೊಂದು ರೈಲಿಗೆ ದಾರಿಬಿಟ್ಟು ನಿಂತರೆ ಆಕೆ ನಿಲ್ದಾಣಕ್ಕೆ ಬಂದಿಳಿಯುವಾಗ ಒಂಬತ್ತಾಗುತ್ತಿತ್ತು, ಆ ಹೊತ್ತಿಗೆ ನಮ್ಮ ಬಡಾವಣೆಯ ಹೆಸರು ಹೇಳಿದರೆ ಆಟೋದವರು ವಾಪಸ್ ಬರುವಾಗ ಖಾಲಿ ಬರಬೇಕೆಂದು ಒಂದೂವರೆ ಪಟ್ಟು ಕೇಳುತ್ತಿದ್ದರು. ಅವರ ಲೆಕ್ಕವೂ ತಪ್ಪಲ್ಲ. ಮಗಳ ಶಾಲೆಯ ವ್ಯಾನು ನಮ್ಮ ಬಡಾವಣೆಗೆ ಬರಲು ಒಪ್ಪಿತಾದರೂ ಎಲ್ಲರಿಗಿಂತ ಮೊದಲು ಹತ್ತಿಸಿಕೊಂಡು ಎಲ್ಲರಿಗಿಂತ ಕೊನೆಗೆ ಇಳಿಸುತ್ತಿತ್ತು. ನನಗೆ ಸಿಕ್ಕಿದ್ದ ಭಾಗ್ಯ ಆಕೆಗೆ ತಿರುಗುಮುರುಗಾಗಿ ಸಿಕ್ಕಿತ್ತು.

ಶ್ರಾವಣ ಕಳೆದ ಮೇಲೆ ಅಮ್ಮ ಕಡೂರಿನಿಂದ ಬಂದು ನಮ್ಮ ಜೊತೆ ಇರತೊಡಗಿದರು. ಸುತ್ತ ಅರ್ಧಕ್ಕರ್ಧ ಖಾಲಿ ನಿವೇಶನಗಳು, ಕಟ್ಟುತ್ತಿರುವ ಮನೆಗಳು, ಮರಳಿನ ರಾಶಿಗಳು. ನಡೆದು ಹೋಗಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತರುವಷ್ಟು ಹತ್ತಿರದಲ್ಲಿ ಅಂಗಡಿಯಿಲ್ಲ, ಕುಳಿತುಕೊಳ್ಳಲು ದೇವಸ್ಥಾನದ ಜಗುಲಿಯಿಲ್ಲ. ಹೆದ್ದಾರಿಯ ಸದ್ದು ಮಾತ್ರ ಹಗಲೂ ರಾತ್ರಿ ಒಂದೇ ಸಮ. ನಾನು ಭಾನುವಾರ ಮಧ್ಯಾಹ್ನ ಮನೆ ನೋಡಲು ಹೋಗಿದ್ದಾಗ ಆ ಸದ್ದು ಕೇಳಿಸಿರಲೇ ಇಲ್ಲ, ಅಥವಾ ಬಾಡಿಗೆಯ ಅಂಕಿ ಕೇಳಿದ ಮೇಲೆ ಬೇರೇನೂ ಕಿವಿಗೆ ಬಿದ್ದಿರಲಿಲ್ಲ. “ಇಲ್ಲಿ ಮಾತಾಡ್ಸೋದಕ್ಕೆ ಲಾರಿಗಳು ಬಿಟ್ರೆ ಯಾರೂ ಇಲ್ಲ ಕಣಪ್ಪ” ಎಂದು ಅಮ್ಮ ಒಂದು ದಿನ ಊಟ ಬಡಿಸುತ್ತಾ ಹೇಳಿದರು. ದೂರಿನ ದನಿಯಲ್ಲೇನೂ ಇರಲಿಲ್ಲ. ದೀಪಾವಳಿಗೆ ಹೋದವರು ಸಂಕ್ರಾಂತಿಯಾದರೂ ಹಿಂತಿರುಗಲಿಲ್ಲ.

ಜನವರಿಯ ಒಂದು ರಾತ್ರಿ ಪತ್ನಿ ಮಗಳ ರಫ್ ಪುಸ್ತಕದ ಹಿಂದಿನ ಹಾಳೆಯಲ್ಲಿ ನಾಲ್ಕು ಕಂಬಸಾಲು ಎಳೆದು, ನಾಲ್ವರೂ ಬೆಳಗ್ಗೆ ಎಷ್ಟಕ್ಕೆ ಮನೆ ಬಿಡುತ್ತೇವೆ, ಎಷ್ಟಕ್ಕೆ ಬರುತ್ತೇವೆ, ಐದು ನಿಮಿಷ ತಡವಾದರೆ ಯಾರಿಗೆ ಏನಾಗುತ್ತದೆ ಎಂದು ಬರೆದಳು. ಲೆಕ್ಕಪರಿಶೋಧಕರ ಕಚೇರಿಯಲ್ಲಿ ಹದಿನಾಲ್ಕು ವರ್ಷ ಕಳೆದ ಕೈ ಅದು. ಕೊನೆಯ ಕಂಬಸಾಲಿನಲ್ಲಿ ಎಲ್ಲವೂ ಬಯಲಾಯಿತು. ಕಂಪನಿಯ ಬಸ್ಸು ನನಗಾಗಿ ಒಂದೆರಡು ನಿಮಿಷ ಕಾಯುತ್ತದೆ. ತಪ್ಪಿದರೂ ಶಿರಾ ಕಡೆಯ ಬಸ್ಸು ಹತ್ತಿ ಹೋಗಬಹುದು, ಅರ್ಧ ಗಂಟೆ ತಡವಾದರೆ ಸಂಜೆ ಅಷ್ಟು ಹೆಚ್ಚು ಹೊತ್ತು ಕುಳಿತರೆ ಮುಗಿಯಿತು. ಮಗಳ ಶಾಲೆಯ ಗೇಟು ಗಂಟೆಗೆ ಸರಿಯಾಗಿ ಮುಚ್ಚುತ್ತದೆ. ರೈಲಂತೂ ಯಾರಿಗೂ ಕಾಯುವುದಿಲ್ಲ, ಅದು ತಪ್ಪಿದರೆ ಆಕೆಯ ಅರ್ಧ ದಿನದ ರಜೆ ಹೋಗುತ್ತದೆ. ಅಮ್ಮನ ಸಾಲಿನಲ್ಲಿ ಹೊರಡುವ ಹೊತ್ತೂ ಇರಲಿಲ್ಲ, ಬರುವ ಹೊತ್ತೂ ಇರಲಿಲ್ಲ, ಇಡೀ ದಿನ ಅವರು ಆ ಬಡಾವಣೆಯಲ್ಲೇ ಇರಬೇಕಾದವರು. ಮನೆಯಲ್ಲಿ ಎಲ್ಲರಿಗಿಂತ ಸಡಿಲವಾದ ಗಡಿಯಾರವಿದ್ದವನಿಗೆ ಎಲ್ಲರಿಗಿಂತ ಹತ್ತಿರದ ನಿಲ್ದಾಣ ಸಿಕ್ಕಿತ್ತು.

ನಾನು ಹೊಸಬರಿಗೆ ಹೇಳುವುದೆಲ್ಲ ಆ ಹಾಳೆಯಿಂದಲೇ ಬಂದದ್ದು. ಕಾರ್ಖಾನೆ ಊರಾಚೆ 20 ಕಿ.ಮೀ. ದೂರದಲ್ಲಿರುವಾಗ ಅದನ್ನು 16 ಕಿ.ಮೀ.ಗೆ ಇಳಿಸಿಕೊಳ್ಳಲು ಮನೆಯನ್ನು ಎಳೆದೊಯ್ಯುವುದರಲ್ಲಿ ಲಾಭ ಕಡಿಮೆ, ಏಕೆಂದರೆ ಹೇಗೂ ಬಸ್ಸು ಹತ್ತಲೇಬೇಕು, ಹತ್ತಿದ ಮೇಲೆ ಕಾಲು ಗಂಟೆ ಹೆಚ್ಚು ಕುಳಿತರೆ ಯಾರಿಗೂ ನಷ್ಟವಿಲ್ಲ. ನಡೆದು ಹೋಗುವ ದೂರಗಳನ್ನು, ಕತ್ತಲಲ್ಲಿ ಒಂಟಿಯಾಗಿ ಬರುವ ದೂರಗಳನ್ನು, ಗಂಟೆ ಹೊಡೆದರೆ ಮುಚ್ಚುವ ಗೇಟುಗಳ ದೂರಗಳನ್ನು ಕಡಿಮೆ ಮಾಡಿಕೊಳ್ಳುವುದರಲ್ಲಿ ಮಾತ್ರ ನಿಜವಾದ ಉಳಿತಾಯವಿದೆ. ಕೋರದಲ್ಲಿ ಕೊಠಡಿ ಮಾಡಿರುವ ಹುಡುಗನಿಗೂ ನಾನು ಇದನ್ನೇ ಹೇಳುತ್ತಿದ್ದೇನೆ. ಅವನ ಹಾಳೆಯಲ್ಲಿ ಇರುವುದು ಒಂದೇ ಕಂಬಸಾಲಾದ್ದರಿಂದ ಉತ್ತರ ಬೇರೆ ಬರುತ್ತದೆ, ಅಷ್ಟೆ.

ಎರಡನೆಯ ಸಲ ನಾವು ರೈಲು ನಿಲ್ದಾಣವನ್ನು ನಡುವೆ ಇಟ್ಟುಕೊಂಡು ಹುಡುಕಿದೆವು. ಗಾಂಧಿನಗರ, ಸೋಮೇಶ್ವರಪುರಂ, ಎಸ್.ಎಸ್. ಪುರಂ, ಅಶೋಕನಗರ ಹೀಗೆ ಹಳೆಯ ಬಡಾವಣೆಗಳಲ್ಲಿ ಮೂರು ತಿಂಗಳು ತಿರುಗಿದೆವು. ದಲ್ಲಾಳಿಗಳ ಮೂಲಕ ನೋಡಿದ ಮನೆಗಳಿಗಿಂತ ಗೇಟಿಗೆ ಕಟ್ಟಿದ “ಮನೆ ಬಾಡಿಗೆಗಿದೆ” ಎಂಬ ರಟ್ಟಿನ ಬೋರ್ಡು ನೋಡಿ ಒಳಹೊಕ್ಕ ಮನೆಗಳೇ ಚೆನ್ನಾಗಿದ್ದವು. ಅಂಥ ಬೋರ್ಡುಗಳು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹೆಚ್ಚಾಗಿ ಕಾಣುತ್ತವೆ, ಪರೀಕ್ಷೆ ಮುಗಿದ ಮೇಲೆ ಮನೆ ಖಾಲಿ ಮಾಡುವವರು ಮೊದಲೇ ತಿಳಿಸಿರುತ್ತಾರೆ. ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜಿನ ಸುತ್ತಮುತ್ತ ವಿದ್ಯಾರ್ಥಿಗಳಿಗೆ ಕೊಡಲು ಮನೆಗಳನ್ನು ಕೋಣೆ ಕೋಣೆಯಾಗಿ ಒಡೆದಿರುವುದರಿಂದ ಸಂಸಾರಕ್ಕೆ ಹೊಂದುವ ಮನೆ ಅಲ್ಲಿ ಸ್ವಲ್ಪ ದುರ್ಲಭ. ಮನೆ ತೋರಿಸುವ ಮೊದಲು “ನಿಮ್ಮದು ಯಾವ ಕಡೆ?” ಎಂದು ಕೇಳುವ ಮಾಲೀಕರು ಊರಿನ ಹೆಸರನ್ನು ಕೇಳುತ್ತಿಲ್ಲವೆಂಬುದು ಎಲ್ಲರಿಗೂ ಗೊತ್ತು. ಕಡೂರು ಎಂದು ಊರಿನ ಹೆಸರನ್ನೇ ಹೇಳಿ ಸುಮ್ಮನಾಗುತ್ತಿದ್ದೆ. ಎರಡು ಮನೆಗಳು ಅಲ್ಲಿಗೇ ಕೈಬಿಟ್ಟವು. ಆ ಬಗ್ಗೆ ಬೇಸರವಿದೆ, ಆದರೆ ಹಾಗೆ ಕೇಳುವವರ ಮಹಡಿಯ ಮೇಲೆ ವರ್ಷಗಟ್ಟಲೆ ಬಾಳುವುದು ತಪ್ಪಿದ್ದರ ಬಗ್ಗೆ ಬೇಸರವಿಲ್ಲ.

ಈ ಸಲ ಒಂದೊಂದು ಮನೆಯನ್ನೂ ಎರಡು ಬಾರಿ ನೋಡಿದೆವು, ಒಂದು ಬಾರಿ ವಾರದ ದಿನ ಬೆಳಗ್ಗೆ, ಇನ್ನೊಂದು ಬಾರಿ ರಾತ್ರಿ ಒಂಬತ್ತರ ನಂತರ. ರಾತ್ರಿ ಹೋದಾಗ ನನ್ನ ಪತ್ನಿ ನಿಲ್ದಾಣದಿಂದ ಮನೆಯವರೆಗೆ ನಡೆದೇ ಬಂದು, ಬೀದಿದೀಪ ಎಲ್ಲಿ ಇಲ್ಲ, ನಾಯಿಗಳ ಗುಂಪು ಯಾವ ತಿರುವಿನಲ್ಲಿದೆ, ಯಾವ ಅಂಗಡಿ ಹತ್ತರವರೆಗೆ ತೆರೆದಿರುತ್ತದೆ ಎಂಬುದನ್ನೆಲ್ಲ ಗುರುತಿಟ್ಟುಕೊಂಡಳು. ಮೂರನೆಯ ತಿರುವಿನಲ್ಲಿ ಔಷಧಿ ಅಂಗಡಿಯಿದ್ದ ಒಂದೇ ಕಾರಣಕ್ಕೆ ಒಂದು ಬೀದಿ ಆಕೆಗೆ ಹಿಡಿಸಿತು. ನಾವು ಈಗಿರುವ ಬೀದಿ ಅದೇ.

ನೀರಿನ ವಿಷಯವನ್ನು ಬೆಂಗಳೂರಿನವರು ಮರೆಯುತ್ತಾರೆ, ಅಥವಾ ಅಲ್ಲಿಯ ಟ್ಯಾಂಕರ್ ಕಾಟವೇ ಎಲ್ಲ ಕಡೆಯೂ ಇರುತ್ತದೆಂದು ಭಾವಿಸುತ್ತಾರೆ. ತುಮಕೂರು ನಗರದ ಕುಡಿಯುವ ನೀರಿಗೆ ಹೇಮಾವತಿಯೇ ಆಧಾರ. ಗೊರೂರು ಜಲಾಶಯದಿಂದ ನಾಲೆಯಲ್ಲಿ ಹರಿದು ಬರುವ ನೀರು ಬುಗುಡನಹಳ್ಳಿ ಕೆರೆಯಲ್ಲಿ ಸಂಗ್ರಹವಾಗಿ ಅಲ್ಲಿಂದ ಊರಿಗೆ ಬರುತ್ತದೆ. ನಾಲೆಯಲ್ಲಿ ವರ್ಷವಿಡೀ ನೀರು ಹರಿಯದ ಕಾರಣ, ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ, ಬೇಸಿಗೆಯಲ್ಲಿ ಅದು ಎಷ್ಟಕ್ಕೆ ಹೋಗುತ್ತದೆ ಎಂಬುದನ್ನು ಬೀದಿ ಬೀದಿಗೂ ಬೇರೆಯಾಗಿ ಕೇಳಬೇಕು. ಮಾಲೀಕರನ್ನು ಕೇಳಿದರೆ “ನೀರಿಗೇನೂ ತೊಂದರೆಯಿಲ್ಲ” ಎಂಬ ಉತ್ತರ ಸಿಗುತ್ತದೆ. ಎದುರು ಮನೆಯವರನ್ನು ಕೇಳಬೇಕು, ಸಾಧ್ಯವಾದರೆ ನೀರು ಬಿಡುವ ವಾಟರ್‌ಮನ್‌ನನ್ನೇ ಕೇಳಬೇಕು. ನಮ್ಮ ಕಡೆ ನೀರುಗಂಟಿ ಎನ್ನುವ ಆ ಮನುಷ್ಯನಷ್ಟು ಬೀದಿಯ ನಾಡಿ ತಿಳಿದವರು ಬೇರೆ ಇಲ್ಲ. ನಮ್ಮ ಮೊದಲ ಮನೆಯಲ್ಲಿ ನಲ್ಲಿಯ ಸಂಪರ್ಕವೇ ಬಂದಿರಲಿಲ್ಲ, ಎಲ್ಲಕ್ಕೂ ಕೊಳವೆಬಾವಿಯ ಗಡಸು ನೀರು. ಪಾತ್ರೆಗಳ ಮೇಲೆ ಬಿಳಿಯ ಪದರ, ಬೇಳೆ ಬೇಯಲು ಇನ್ನೆರಡು ವಿಷಲ್ ಹೆಚ್ಚು. ಕುಡಿಯಲು ಶುದ್ಧ ನೀರಿನ ಘಟಕದಿಂದ 20 ಲೀಟರಿನ ಕ್ಯಾನು ಹೊತ್ತು ತರಬೇಕಿತ್ತು. ಎರಡನೆಯ ಮನೆಯಲ್ಲಿ ಮಾಲೀಕರ ಮುಂದೆಯೇ ಸಂಪಿನ ಮುಚ್ಚಳ ತೆಗೆಸಿ ನೋಡಿದೆ. ಅದು ನೆಂಟಸ್ತನ ಬೆಳೆಸುವ ರೀತಿಯಲ್ಲವೆಂದು ಪತ್ನಿ ಆಮೇಲೆ ಗದರಿದಳು.

ಕಾಗದಪತ್ರದ ವಿಷಯದಲ್ಲಿ ಎರಡೇ ಮಾತು. ಬಾಡಿಗೆ ಕರಾರು 11 ತಿಂಗಳದ್ದಾಗಿರುವುದಕ್ಕೆ ಕಾರಣ, ಒಂದು ವರ್ಷಕ್ಕೆ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯಿದೆಯ ಪ್ರಕಾರ ನೋಂದಣಿ ಕಡ್ಡಾಯವಾಗುವುದು. ಮುಂಗಡ ಹಣದಲ್ಲಿ ಬಣ್ಣದ ಖರ್ಚೆಂದು ಎಷ್ಟು ಹಿಡಿಯುತ್ತಾರೆ ಎಂಬುದನ್ನು ಆ ಕರಾರಿನಲ್ಲೇ ಅಂಕಿಯಲ್ಲಿ ಬರೆಸಬೇಕು. ನಮ್ಮ ಮೊದಲ ಮನೆಯ ಕರಾರಿನಲ್ಲಿ ಅದು ಬರೆದಿರಲಿಲ್ಲ, ಬಿಡುವಾಗ ಒಂದೂವರೆ ತಿಂಗಳ ಬಾಡಿಗೆ ಅಲ್ಲೇ ಉಳಿಯಿತು. ಭೋಗ್ಯಕ್ಕೆ ಮನೆ ಕೊಡುವವರೂ ಬಹಳ ಮಂದಿ ಸಿಗುತ್ತಾರೆ. ತಿಂಗಳ ಬಾಡಿಗೆಯಿಲ್ಲ ಎಂಬ ಆಸೆಗೆ ಎಂಟು ಹತ್ತು ಲಕ್ಷ ಒಟ್ಟಿಗೆ ಕೊಡುವ ಮುನ್ನ ಆ ಮನೆಯ ಮೇಲೆ ಬ್ಯಾಂಕಿನ ಸಾಲವಿದೆಯೇ ಎಂದು ಋಣಭಾರ ಪತ್ರ ತೆಗೆಸಿ ನೋಡಬೇಕು ಮತ್ತು ಕರಾರನ್ನು ನೋಂದಾಯಿಸಬೇಕು. ಕೆಲಸ ಖಾಯಂ ಆಗುವ ಮುಂಚೆ ಭೋಗ್ಯದ ಗೋಜಿಗೇ ಹೋಗಬಾರದೆಂಬುದು ನನ್ನ ಅಭಿಪ್ರಾಯ. ಇನ್ನು, ಗೃಹಜ್ಯೋತಿಯ ಉಚಿತ ವಿದ್ಯುತ್ ಬಾಡಿಗೆದಾರರಿಗೂ ಇದೆ, ಆದರೆ ಮನೆ ಬದಲಿಸುವಾಗ ಹಳೆಯ ಮನೆಯ ಆರ್.ಆರ್. ಸಂಖ್ಯೆಯಿಂದ (ವಿದ್ಯುತ್ ಸಂಪರ್ಕದ ಸಂಖ್ಯೆ) ಆಧಾರ್ ಬಿಡಿಸಿಕೊಂಡು ಹೊಸ ಮನೆಯದಕ್ಕೆ ಜೋಡಿಸಿಕೊಳ್ಳಬೇಕು. ಇದನ್ನು ಮರೆತು ಮೂರು ತಿಂಗಳು ಬಿಲ್ಲು ಕಟ್ಟಿದ ಸಹೋದ್ಯೋಗಿಯೊಬ್ಬರಿದ್ದಾರೆ.

ಶಾಲೆಗೆ ಸಂಬಂಧಿಸಿದಂತೆ, ಮನೆ ಮೊದಲೋ ಶಾಲೆ ಮೊದಲೋ ಎಂದು ಕೇಳಿದರೆ ಶಾಲೆಯೇ ಮೊದಲು. ಮೇ ಕೊನೆಗೆ ತರಗತಿಗಳು ಶುರುವಾಗುವುದರಿಂದ ಏಪ್ರಿಲ್ ಮುಗಿಯುವುದರೊಳಗೆ ಸೀಟು ಖಚಿತವಾಗಿರಬೇಕು, ಹಳೆಯ ಶಾಲೆಯಿಂದ ವರ್ಗಾವಣೆ ಪತ್ರವೂ ಸರ್ಕಾರದ ದಾಖಲೆಯಲ್ಲಿ ಮಗುವಿಗಿರುವ ಸ್ಯಾಟ್ಸ್ ಸಂಖ್ಯೆಯೂ ಕೈಯಲ್ಲಿರಬೇಕು. ನಾವು ಎರಡನೆಯ ಸಲ ಮಗಳ ಶಾಲೆಯನ್ನು ಬದಲಿಸಲಿಲ್ಲ. ಆಕೆಯ ಶಾಲೆಗೆ ಸೈಕಲ್ಲಿನಲ್ಲಿ ಹೋಗಬಹುದಾದ ಮನೆಯನ್ನೇ ಹುಡುಕಿದೆವು. ಗೆಳತಿಯರನ್ನು ಒಂದು ಸಲ ದಾಸರಹಳ್ಳಿಯಲ್ಲಿ ಬಿಟ್ಟು ಬಂದಿದ್ದ ಹುಡುಗಿಯ ಹತ್ತಿರ ಮತ್ತೊಂದು ಸಲ ಅದನ್ನೇ ಕೇಳಲು ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ.

2024ರ ಮೇ ತಿಂಗಳಲ್ಲಿ ನಾವು ಈ ಮನೆಗೆ ಬಂದೆವು. ಬಾಡಿಗೆ 12,000, ಮೊದಲಿನದಕ್ಕಿಂತ ಎರಡೂವರೆ ಸಾವಿರ ಹೆಚ್ಚು. ಮನೆ ಹಳೆಯದು, ಅಡುಗೆಮನೆ ಚಿಕ್ಕದು, ಕಪ್ಪು ಕಲ್ಲಿನ ಕಟ್ಟೆಯ ಒಂದು ಮೂಲೆ ಒಡೆದಿದೆ. ಆಟೋಗೆ ಹೋಗುತ್ತಿದ್ದ ಹಣ, ಶಾಲಾ ವ್ಯಾನಿನ ಹಣ ಎರಡನ್ನೂ ಕೂಡಿಸಿದರೆ ತಿಂಗಳ ಕೊನೆಗೆ ಕೈಯಲ್ಲಿ ಸ್ವಲ್ಪ ಉಳಿಯುತ್ತದೆಂದು ಪತ್ನಿಯ ಲೆಕ್ಕ ಹೇಳುತ್ತದೆ. ಆಕೆ ರೈಲಿನ ತಿಂಗಳ ಪಾಸು ಮಾಡಿಸಿದ್ದಾಳೆ. ಯಶವಂತಪುರದಲ್ಲಿ ಇಳಿದು ಮೆಟ್ರೋ ಹತ್ತಿದರೆ ಮೂರನೆಯ ನಿಲ್ದಾಣವೇ ರಾಜಾಜಿನಗರ. ವಂದೇ ಭಾರತ್‌ನಂಥ ರೈಲುಗಳಿಗೆ ಆ ಪಾಸು ನಡೆಯುವುದಿಲ್ಲವೆಂಬುದನ್ನು ಹೊಸಬರು ತಿಳಿದಿರಬೇಕು. 2024ರಲ್ಲಿ ತುಮಕೂರು–ಯಶವಂತಪುರ ಮೆಮು ರೈಲು ಶುರುವಾದ ಮೇಲೆ ಆಯ್ಕೆ ಇನ್ನೊಂದು ಹೆಚ್ಚಿತು. ರೈಲು ತಪ್ಪಿದ ದಿನ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸಾರಿಗೆ ಬಸ್ಸಿಗೆ ಟಿಕೆಟಿನ ಹಣವಿಲ್ಲ, ಹೊತ್ತು ಮಾತ್ರ ಹೆಚ್ಚು ಹಿಡಿಯುತ್ತದೆ. ಎರಡು ದಾರಿಗಳಿರುವ ಊರು ಎಂಬುದೇ ತುಮಕೂರಿನ ದೊಡ್ಡ ಅನುಕೂಲ. ನೆಲಮಂಗಲಕ್ಕೆ ಹೋಲಿಸಿದಾಗ ನಮಗೆ ಇಲ್ಲಿ ಕಂಡ ಮುಖ್ಯ ವ್ಯತ್ಯಾಸವೂ ಅದೇ.

ಇದೆಲ್ಲ ಓದಿದ ಮೇಲೂ ಬೆಂಗಳೂರನ್ನು ಬಿಡಲಾಗದವರಿದ್ದಾರೆ, ಅವರದು ತಪ್ಪೆಂದು ನಾನು ಹೇಳುವುದಿಲ್ಲ. ನಮ್ಮ ವಿಭಾಗದ ಹಿರಿಯರೊಬ್ಬರ ಮಗ ದ್ವಿತೀಯ ಪಿಯುಸಿಯಲ್ಲಿದ್ದಾನೆ, ಅವರ ತಂದೆಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು. ಅವರು ಇಲ್ಲಿ ಪಿ.ಜಿ.ಯಲ್ಲಿದ್ದು ಶನಿವಾರ ಸಂಜೆ ಹೋಗಿ ಸೋಮವಾರ ಬೆಳಗ್ಗೆ ಬರುತ್ತಾರೆ. ಅವರ ಹಾಳೆಯನ್ನು ಯಾರು ಬರೆದರೂ ಉತ್ತರ ಅಷ್ಟೇ ಬರುವುದು. ಆದರೆ ಆ ಏರ್ಪಾಡಿಗೆ ಒಂದು ಗಡುವು ಇಟ್ಟುಕೊಂಡಿದ್ದಾರೆ, ಮಗನ ಪರೀಕ್ಷೆ ಮುಗಿಯುವವರೆಗೆ. ಗಡುವಿಲ್ಲದೆ “ಸದ್ಯಕ್ಕೆ ಹೀಗಿರಲಿ” ಎಂದು ಶುರು ಮಾಡಿದವರು ನಾಲ್ಕನೆಯ ವರ್ಷವೂ ಹಾಗೇ ಇರುವುದನ್ನು ನೋಡಿದ್ದೇನೆ.

ಸೇರಿದ ವರ್ಷವೇ ನಿವೇಶನ ಕೊಳ್ಳಲು ಹೊರಡುವವರ ಬಗ್ಗೆ ಮಾತ್ರ ನನಗೆ ತಡೆಯಲಾಗದ ಅಸಹನೆಯಿದೆ. ಹಸಿರು ಮಾರ್ಗದ ಮೆಟ್ರೋ 2024ರ ನವೆಂಬರಿನಲ್ಲಿ ಮಾದಾವರದವರೆಗೆ ಬಂದದ್ದೇ ತಡ, ತುಮಕೂರಿಗೆ ಅದು ನಾಳೆಯೇ ಬಂದುಬಿಡುತ್ತದೆ ಎನ್ನುವಂತೆ ದಲ್ಲಾಳಿಗಳು ಮಾತಾಡತೊಡಗಿದರು. ಯೋಜನೆಯ ಮಾತು ಸುಳ್ಳಲ್ಲ. ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ ಹೋಗುವ ಹೊಸ ರೈಲು ಮಾರ್ಗದ ಕಾಮಗಾರಿಯೂ ನಡೆಯುತ್ತಿದೆ. ಆದರೆ ಕಾಗದದ ಮೇಲಿರುವ ಹಳಿಯ ಲೆಕ್ಕದಲ್ಲಿ ಇವತ್ತು ಹಣ ಹಾಕುವವರು ಟೂಡಾ (ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದನೆ, ಭೂಪರಿವರ್ತನೆಯ ಆದೇಶ, ಇ-ಖಾತೆ ಈ ಮೂರನ್ನು ಕೇಳುವುದನ್ನೇ ಮರೆಯುತ್ತಾರೆ. ಒಂದು ವರ್ಷ ಬಾಡಿಗೆಗಿದ್ದು ಒಂದು ಬೇಸಿಗೆಯನ್ನೂ ಒಂದು ಮಳೆಗಾಲವನ್ನೂ ಕಂಡ ಮೇಲೆ ಕೊಂಡರೆ ಏನೂ ಮುಳುಗಿಹೋಗುವುದಿಲ್ಲ. ನಾನು ಮೊದಲ ಮನೆಯನ್ನು ಬಾಡಿಗೆಗೆ ಹಿಡಿಯದೆ ಆ ಬಡಾವಣೆಯಲ್ಲೇ ನಿವೇಶನ ಕೊಂಡಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಎದೆ ಒಮ್ಮೆ ಝಲ್ಲೆನ್ನುತ್ತದೆ. ಕೊಳ್ಳುವ ಮಾತೂ ಆಗ ನಡೆದಿತ್ತು.

ಅಮ್ಮ ಜೂನ್‌ನಲ್ಲಿ ಮರಳಿ ಬಂದರು. ಬೀದಿಯ ತುದಿಯ ಗಣಪತಿ ಗುಡಿಯ ಜಗುಲಿಯಲ್ಲಿ ಅವರಿಗೆ ಅರಸೀಕೆರೆ ಕಡೆಯ ಇಬ್ಬರು ಸಿಕ್ಕಿದ್ದಾರೆ. ಕಡೂರಿಗೆ ಹೋಗಬೇಕೆನಿಸಿದಾಗ ನಮ್ಮನ್ನು ಕೇಳದೆ ನಿಲ್ದಾಣಕ್ಕೆ ಹೋಗಿ ರೈಲು ಹತ್ತಿ ಹೋಗಿಬಿಡುತ್ತಾರೆ.

ಕಳೆದ ತಿಂಗಳು ಕಂಪನಿಯವರು ಬಸ್ಸಿನ ಹಾದಿಯನ್ನು ಬದಲಿಸಿದರು. ನಮ್ಮ ಬೀದಿಯ ಮೂಲೆಗೆ ಬರುತ್ತಿದ್ದ ಬಸ್ಸು ಈಗ ಬಿ.ಎಚ್. ರಸ್ತೆಯಲ್ಲಿ ನಿಲ್ಲುತ್ತದೆ, ನಾನು ಹನ್ನೆರಡು ನಿಮಿಷ ನಡೆಯಬೇಕು. ರಾತ್ರಿ ಊಟದ ಹೊತ್ತಿಗೆ ಈ ಸುದ್ದಿ ಹೇಳಿದೆ. ಯಾರೂ ತಲೆ ಎತ್ತಲಿಲ್ಲ. ಮಗಳು ಮಾತ್ರ, “ಹಾಗಾದ್ರೆ ಬರ್ತಾ ಹಾಲು ನೀವೇ ತನ್ನಿ ಅಪ್ಪ” ಎಂದಳು.